ಮನೆ ಹಾಸನದಲ್ಲಿ, ಓಟು ಊರಿನಲ್ಲಿ

2013ರ ಮೇ 5, ಭಾನುವಾರ. ಮಧ್ಯಾಹ್ನ ಎರಡು ಗಂಟೆಯ ಬಿಸಿಲಿನಲ್ಲಿ ಹಾಸನ ನಗರದ ಒಂದು ಬಡಾವಣೆಯ ಸರ್ಕಾರಿ ಶಾಲೆಯ ಕೊಠಡಿಯಲ್ಲಿ ನಾನು ಮತಗಟ್ಟೆಯ ಅಧ್ಯಕ್ಷಾಧಿಕಾರಿಯಾಗಿ ಕುಳಿತಿದ್ದೆ. ಆಗ ನಾನು ಬೇಲೂರಿನಲ್ಲಿ ಪಾಠ ಹೇಳುತ್ತಿದ್ದೆ. ಚುನಾವಣಾ ಕೆಲಸಕ್ಕೆಂದು ಹಾಸನಕ್ಕೆ ಹಾಕಿದ್ದರು. ಬೆಳಿಗ್ಗೆ ಏಳಕ್ಕೆ ಶುರುವಾದ ಸಾಲು ಹತ್ತೂವರೆಯವರೆಗೆ ಚೆನ್ನಾಗಿಯೇ ಇತ್ತು, ಆಮೇಲೆ ತೆಳ್ಳಗಾಗಿ, ಊಟದ ಹೊತ್ತಿಗೆ ಹತ್ತು ನಿಮಿಷಕ್ಕೊಬ್ಬರು ಬಂದರೆ ಹೆಚ್ಚು ಎಂಬಂತಾಯಿತು. ಒಂದನೇ ಮತಗಟ್ಟೆ ಅಧಿಕಾರಿಯ ಮುಂದಿದ್ದ ಮತದಾರರ ಪಟ್ಟಿಯನ್ನು ನಾನು ತಿರುವಿಹಾಕತೊಡಗಿದೆ. ಓಟು ಹಾಕಿದವರ ಚೌಕದ ಮೇಲೆ ಕೆಂಪು ಶಾಯಿಯ ಓರೆ ಗೆರೆ, ಹೆಂಗಸರಾದರೆ ಆ ಗೆರೆಯ ಜೊತೆಗೆ ಕ್ರಮಸಂಖ್ಯೆಗೊಂದು ಸುತ್ತು. ಕೆಲವು ಪುಟಗಳು ಕೆಂಪು ಗೆರೆಗಳಿಂದ ತುಂಬಿದ್ದವು. ಇನ್ನು ಕೆಲವು ಪುಟಗಳಲ್ಲಿ ಒಂದೇ ಮನೆ ಸಂಖ್ಯೆಯ ಕೆಳಗೆ ಅಪ್ಪ, ಅಮ್ಮ, ಇಬ್ಬರು ಮಕ್ಕಳು, ಸೊಸೆ ಎಂದು ಸಾಲಾಗಿ ಐದು ಹೆಸರು, ಐದೂ ಖಾಲಿ. ಅದರ ಪಕ್ಕದ ಮನೆಯೂ ಹಾಗೆಯೇ.

ಬಾಗಿಲ ಬಳಿ ಕುಳಿತಿದ್ದ ಪಕ್ಷಗಳ ಏಜೆಂಟರಲ್ಲಿ ಒಬ್ಬರು ಆ ಬೀದಿಯವರೇ. ನಾನು ಖಾಲಿ ಸಾಲಿನ ಮೇಲೆ ಬೆರಳಿಟ್ಟಿದ್ದನ್ನು ನೋಡಿ, ಕೇಳದೆಯೇ ಹೇಳಿದರು: "ಅವರು ಬೆಳಿಗ್ಗೆ ಆರಕ್ಕೇ ಕಾರು ಹತ್ತಿದರು ಸಾರ್. ಅವರ ಓಟು ಊರಲ್ಲಿ." ಎದುರು ಪಕ್ಷದ ಏಜೆಂಟರೂ ತಲೆಯಾಡಿಸಿದರು. ಬೆಳಿಗ್ಗೆಯಿಂದ ಒಬ್ಬರ ಮಾತನ್ನು ಇನ್ನೊಬ್ಬರು ಒಪ್ಪದ ಆ ಇಬ್ಬರು ಒಪ್ಪಿಕೊಂಡ ಮೊದಲ ಸಂಗತಿ ಅದು.

ಹನ್ನೆರಡು ವರ್ಷಗಳಿಗೂ ಹಿಂದಿನ ಆ ಮಧ್ಯಾಹ್ನವನ್ನು ನಾನು ಮರೆತಿಲ್ಲ. ನಗರದವರು ಓಟು ಹಾಕುವುದಿಲ್ಲ, ಅವರಿಗೆ ರಜೆ ಬೇಕು, ಪ್ರಜಾಪ್ರಭುತ್ವ ಬೇಡ ಎಂಬ ಮಾತು ಪ್ರತಿ ಚುನಾವಣೆಯ ಮರುದಿನ ಕೇಳಿಬರುತ್ತದೆ. ಬೆಂಗಳೂರಿನ ಮಟ್ಟಿಗೆ ಅದರಲ್ಲಿ ಎಷ್ಟು ನಿಜವೋ ನಾನು ತೀರ್ಪು ಕೊಡಲಾರೆ. ಆದರೆ ಹಾಸನದಂಥ ಊರಿನ ಮಟ್ಟಿಗೆ ಆ ಮಾತು ಅನ್ಯಾಯವಾದದ್ದು ಎಂದು ನಾನು ಬಲವಾಗಿ ನಂಬಿದ್ದೇನೆ. ಇಲ್ಲಿ ಖಾಲಿ ಉಳಿದ ಹೆಸರುಗಳಲ್ಲಿ ಬಹಳಷ್ಟು ಮಂದಿ ಅದೇ ದಿನ, ಅದೇ ಹೊತ್ತಿಗೆ, ಇಪ್ಪತ್ತು ಮೂವತ್ತು ಕಿಲೋಮೀಟರ್ ಆಚೆಯ ಇನ್ನೊಂದು ಶಾಲೆಯ ಮುಂದೆ ಸಾಲಿನಲ್ಲಿ ನಿಂತಿರುತ್ತಾರೆ. ಅವರಿಗೆ ಚುನಾವಣೆಯ ಬಗ್ಗೆ ಉದಾಸೀನವಿಲ್ಲ. ಅವರ ಮನೆ ಒಂದು ಕಡೆ, ಮನಸ್ಸು ಇನ್ನೊಂದು ಕಡೆ.

ಶೇಕಡಾವಾರು ಲೆಕ್ಕದ ಒಳಗುಟ್ಟು ಇಲ್ಲಿದೆ. ಮತದಾನದ ಪ್ರಮಾಣವೆಂದರೆ ಪಟ್ಟಿಯಲ್ಲಿರುವ ಹೆಸರುಗಳಲ್ಲಿ ಎಷ್ಟು ಮಂದಿ ಬಂದರು ಎಂಬುದು. ಊರಿನಲ್ಲಿ ನಿಜವಾಗಿ ವಾಸವಿರುವವರಲ್ಲಿ ಎಷ್ಟು ಮಂದಿ ಬಂದರು ಎಂಬುದಲ್ಲ. ಬಾಡಿಗೆ ಮನೆ ಬಿಟ್ಟು ಹೋದವರು, ಮದುವೆಯಾಗಿ ಹೋದ ಹೆಣ್ಣುಮಕ್ಕಳು, ತೀರಿಕೊಂಡ ಹಿರಿಯರು, ಊರಿನಲ್ಲೂ ನಗರದಲ್ಲೂ ಹೆಸರು ಉಳಿಸಿಕೊಂಡವರು, ಎಲ್ಲರೂ ಆ ಪಟ್ಟಿಯಲ್ಲಿ ಕೂತಿರುತ್ತಾರೆ. ಗೈರು, ಸ್ಥಳಾಂತರ, ಮೃತ ಎಂದು ಗುರುತಿಸಿದವರ ಪ್ರತ್ಯೇಕ ಪಟ್ಟಿಯೊಂದನ್ನು ಅಧ್ಯಕ್ಷಾಧಿಕಾರಿಯ ಕೈಗೆ ಕೊಡುತ್ತಾರೆ. ಅದರಲ್ಲಿ ಹೆಸರಿರುವವರು ಬಂದರೆ ಗುರುತನ್ನು ಹೆಚ್ಚು ಎಚ್ಚರದಿಂದ ನೋಡಬೇಕು ಎಂಬುದಷ್ಟೇ ಅದರ ಉದ್ದೇಶ, ಭಾಗಾಕಾರ ಮಾಡುವಾಗ ಆ ಹೆಸರುಗಳು ಕಳೆದುಹೋಗುವುದಿಲ್ಲ. ಹಳ್ಳಿಯ ಪಟ್ಟಿಯಲ್ಲಿಯೂ ಇಂಥ ಹೆಸರುಗಳಿವೆ. ಆದರೆ ಅಲ್ಲಿ ಸ್ಥಳಾಂತರಗೊಂಡವನು ಓಟಿನ ದಿನ ಬಂದೇ ಬರುತ್ತಾನೆ. ನಗರದ ಬೀದಿಯಿಂದ ಸ್ಥಳಾಂತರಗೊಂಡವನು ಆ ಬೀದಿಗೆ ಎಂದೂ ಮರಳುವುದಿಲ್ಲ.

2008ರಲ್ಲಿ ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು ಇದೇ ಕೆಲಸ ಮಾಡಿದ್ದೆ. ಅಲ್ಲಿ ಮಧ್ಯಾಹ್ನವೇ ಮುಕ್ಕಾಲು ಪಾಲು ಓಟು ಬಿದ್ದಿತ್ತು. ಮೂರು ಗಂಟೆಯ ಮೇಲೆ ಏಜೆಂಟರು ಇನ್ನೂ ಯಾರು ಬಂದಿಲ್ಲ ಎಂದು ಮನೆ ಮನೆಯ ಲೆಕ್ಕ ಹಾಕುತ್ತಿದ್ದರು. ಬೆಂಗಳೂರಿನ ಪೀಣ್ಯದಿಂದ ಬರಬೇಕಿದ್ದ ಹುಡುಗರ ವಾಹನ ಕುಣಿಗಲ್ ದಾಟಿತೋ, ಚನ್ನರಾಯಪಟ್ಟಣಕ್ಕೆ ಬಂತೋ ಎಂದು ಫೋನಿನಲ್ಲಿ ವಿಚಾರಿಸುತ್ತಿದ್ದರು. ಆ ಹುಡುಗರು ಸಂಜೆ ನಾಲ್ಕೂಮುಕ್ಕಾಲಿಗೆ ಓಡುತ್ತಾ ಬಂದು ಸಾಲಿನ ಕೊನೆಯಲ್ಲಿ ನಿಂತದ್ದು, ನಾನು ಐದಕ್ಕೆ ಸರಿಯಾಗಿ ಸಾಲಿನ ಕೊನೆಯವನಿಂದ ಹಿಡಿದು ಮುಂದಕ್ಕೆ ಚೀಟಿ ಹಂಚಿದ್ದು ನೆನಪಿದೆ. ಅಷ್ಟು ದೂರದಿಂದ ಬಂದವರಿಗೆ ಊರು ಏನು ಕೊಡುತ್ತಿತ್ತು? ವಾಹನದ ಖರ್ಚು ಯಾರದ್ದೆಂದು ನಾನು ಕೇಳಲಿಲ್ಲ. ಆ ಪ್ರಶ್ನೆ ಇದೆ, ಮುಚ್ಚಿಡುವುದು ಬೇಡ. ಆದರೆ ದುಡ್ಡೊಂದೇ ಅವರನ್ನು ಕರೆತಂದಿತು ಎನ್ನುವುದು ಹಳ್ಳಿಯನ್ನು ಕಾಣದವರ ಮಾತು. ಹಳ್ಳಿಯಲ್ಲಿ ಓಟು ಹಾಕದವನ ಹೆಸರು ಸಂಜೆಯ ಹೊತ್ತಿಗೆ ಇಡೀ ಊರಿಗೆ ಗೊತ್ತಾಗಿರುತ್ತದೆ. ಜಮೀನಿನ ಪಹಣಿ, ಕೆರೆಯ ನೀರು, ದೇವಸ್ಥಾನದ ಪೂಜೆಯ ಸರದಿ, ಮುಂದಿನ ಗ್ರಾಮ ಪಂಚಾಯಿತಿ, ಎಲ್ಲದರಲ್ಲಿಯೂ ಅವನ ಮಾತಿಗೆ ತೂಕ ಇರಬೇಕಾದರೆ ಪಟ್ಟಿಯಲ್ಲಿ ಹೆಸರು ಇರಬೇಕು.

ನಗರದಲ್ಲಿ ಆ ತೂಕ ಎಲ್ಲಿದೆ? ಗ್ರಾಮ ಪಂಚಾಯಿತಿಯಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಹಾಸನ ನಗರಸಭೆಗೆ 35 ವಾರ್ಡುಗಳಿದ್ದವು, 2011ರ ಜನಗಣತಿಯ ಹೊತ್ತಿಗೇ ನಗರದ ಜನಸಂಖ್ಯೆ 1.30 ಲಕ್ಷ ದಾಟಿತ್ತು. ಅಂದರೆ ಒಬ್ಬ ಸದಸ್ಯನಿಗೆ ಮೂರೂವರೆ ಸಾವಿರಕ್ಕೂ ಹೆಚ್ಚು ಜನ. ಹಳ್ಳಿಯ ಸದಸ್ಯ ಮನೆಯ ಜಗುಲಿಗೆ ಬಂದು ಕೂರುತ್ತಾನೆ. ನಗರದ ಸದಸ್ಯನ ಮುಖವನ್ನು ನಮ್ಮಲ್ಲಿ ಹಲವರು ಫ್ಲೆಕ್ಸಿನಲ್ಲಿ ಮಾತ್ರ ಕಂಡಿದ್ದಾರೆ. ಸಾಲದ್ದಕ್ಕೆ, 2018ರ ಆಗಸ್ಟ್ 31ರಂದು ರಾಜ್ಯದ ಅನೇಕ ನಗರ ಸ್ಥಳೀಯ ಸಂಸ್ಥೆಗಳಿಗೆ ನಡೆದ ಚುನಾವಣೆಯಲ್ಲಿ ನಾವು ಆರಿಸಿದ ಸದಸ್ಯರು, ಅಧ್ಯಕ್ಷ ಮತ್ತು ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿಯ ವ್ಯಾಜ್ಯದಿಂದಾಗಿ 2020ರ ಕೊನೆಯ ತಿಂಗಳುಗಳವರೆಗೆ ಅಧಿಕಾರವಿಲ್ಲದೆ ಕಾಯಬೇಕಾಯಿತು. ಎರಡು ವರ್ಷ! ಬೆರಳಿಗೆ ಹಚ್ಚಿದ ಶಾಯಿ ಮಾಸಿ, ಉಗುರು ಬೆಳೆದು ಕತ್ತರಿಸಿ, ಇನ್ನೊಂದು ಲೋಕಸಭಾ ಚುನಾವಣೆಯೂ ಮುಗಿದು ಹೋದ ಮೇಲೆ ನಗರಸಭೆಗೆ ಅಧ್ಯಕ್ಷರು ಬಂದರು. ಎರಡನೇ ಅವಧಿಗೂ ಇಂಥದೇ ಕಾಯುವಿಕೆ. ಇದನ್ನು ಕಂಡ ನಾಗರಿಕನಿಗೆ, ನಿನ್ನ ವಾರ್ಡಿನ ಓಟಿಗೆ ಬೆಲೆಯಿದೆ ಎಂದು ಹೇಳುವಾಗ ನನಗೇ ಗಂಟಲು ಕಟ್ಟುತ್ತದೆ.

ನಾನೂ ಈ ವಿಷಯದಲ್ಲಿ ಹೊರಗಿನವನಲ್ಲ. ನನ್ನ ಹುಟ್ಟೂರು ಕಟ್ಟಾಯ ಹೋಬಳಿಯಲ್ಲಿದೆ. ಹಾಸನ ತಾಲ್ಲೂಕಿನದೇ ಹೋಬಳಿಯಾದರೂ ವಿಧಾನಸಭೆಗೆ ಅದು ಸಕಲೇಶಪುರ ಕ್ಷೇತ್ರಕ್ಕೆ ಸೇರುತ್ತದೆ. ಸಕಲೇಶಪುರ, ಆಲೂರು, ಕಟ್ಟಾಯ ಎಂದೇ ನಮ್ಮ ಕಡೆ ಆ ಕ್ಷೇತ್ರವನ್ನು ಕರೆಯುವುದು. ಕೆಲಸ ಸಿಕ್ಕಿ ಊರು ಬಿಟ್ಟು ಬೇಲೂರಿಗೆ ಹೋದೆ, 2014ರಲ್ಲಿ ಹಾಸನದಲ್ಲಿ ಮನೆ ಕಟ್ಟಿಸಿದೆ, ಆದರೂ ಓಟನ್ನು ಊರಿನಲ್ಲಿಯೇ ಉಳಿಸಿಕೊಂಡಿದ್ದೆ. 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ ಪ್ರಕಾರ ಒಬ್ಬ ವ್ಯಕ್ತಿ ಸಾಮಾನ್ಯವಾಗಿ ಎಲ್ಲಿ ವಾಸಿಸುತ್ತಾನೋ ಅಲ್ಲಿ ಮಾತ್ರ ಅವನ ಹೆಸರು ಇರಬೇಕು. ಊರಿನಲ್ಲಿ ಸ್ವಂತ ಮನೆಯಿದೆ ಎಂಬ ಕಾರಣವೊಂದೇ ಸಾಲದು ಎಂದು ಕಾಯ್ದೆಯೇ ಬಿಡಿಸಿ ಹೇಳುತ್ತದೆ. ಚುನಾವಣಾ ತರಬೇತಿಯಲ್ಲಿ ಬೇರೆಯವರ ಜೊತೆ ಕೂತು ಈ ನಿಯಮಗಳನ್ನೆಲ್ಲ ಓದಿದ್ದ ನಾನು ನನ್ನ ವಿಷಯ ಬಂದಾಗ ಕಣ್ಣು ಮುಚ್ಚಿಕೊಂಡಿದ್ದೆ. ಅದು ತಪ್ಪು, ಬೇರೆ ಹೆಸರು ಅದಕ್ಕಿಲ್ಲ.

ಕೊನೆಗೆ 2017ರಲ್ಲಿ ನಾನೂ ನನ್ನ ಹೆಂಡತಿಯೂ ಹಾಸನದ ವಿಳಾಸಕ್ಕೆ ಹೆಸರು ಸೇರಿಸುವ ಅರ್ಜಿ, ನಮೂನೆ 6 ತುಂಬಿ, ಊರಿನ ಹೆಸರು ತೆಗೆದುಹಾಕುವಂತೆ ಕೋರಿ ಕೊಟ್ಟೆವು. ನನ್ನ ಹೆಸರು ಸರಿಯಾಗಿ ಬಂತು. ಹೆಂಡತಿಯ ಹೆಸರು ಊರಿನ ಪಟ್ಟಿಯಿಂದ ಹೋಯಿತು, ಹಾಸನದ ಪಟ್ಟಿಗೆ ಬರಲಿಲ್ಲ. ನಾವು ಪಟ್ಟಿಯನ್ನು ಮತ್ತೆ ನೋಡದೆ ಸುಮ್ಮನಿದ್ದೆವು. 2018ರ ಮೇ 12ರಂದು ನಾನು ಬೇರೊಂದು ತಾಲ್ಲೂಕಿನಲ್ಲಿ ಚುನಾವಣಾ ಕೆಲಸದಲ್ಲಿದ್ದೆ. ಅವಳು ಬೆಳಿಗ್ಗೆ ಎಂಟಕ್ಕೆ ಗುರುತಿನ ಚೀಟಿ ಹಿಡಿದು ನಮ್ಮ ಬಡಾವಣೆಯ ಶಾಲೆಗೆ ಹೋಗಿ, ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತು ಒಳಗೆ ಹೋದಾಗ ಪಟ್ಟಿಯಲ್ಲಿ ಹೆಸರಿಲ್ಲ ಎಂದರು. ಚೀಟಿ ತೋರಿಸಿದಳು. ಚೀಟಿ ಗುರುತಿಗೆ ಮಾತ್ರ, ಓಟಿಗೆ ಪಟ್ಟಿಯಲ್ಲಿ ಹೆಸರು ಬೇಕು ಎಂದರು. ಅವರು ಹೇಳಿದ್ದು ಸರಿ, ನಾನೂ ಎಷ್ಟೋ ಸಲ ಎಷ್ಟೋ ಜನರಿಗೆ ಅದನ್ನೇ ಹೇಳಿ ಹಿಂದಕ್ಕೆ ಕಳಿಸಿದ್ದೇನೆ. ಆ ಸಂಜೆ ಫೋನಿನಲ್ಲಿ ಅವಳು ಹೆಚ್ಚು ಮಾತಾಡಲಿಲ್ಲ. "ಊರಲ್ಲಿ ಇದ್ದಿದ್ದರೆ ಇರುತ್ತಿತ್ತು" ಎಂದಳು, ಅಷ್ಟೇ. ಹದಿನೆಂಟು ತುಂಬಿದಾಗಿನಿಂದ ಒಂದು ಸಲವೂ ತಪ್ಪಿಸದ ಹೆಂಗಸು. ಆ ದಿನದ ಮತದಾನದ ಪ್ರಮಾಣದಲ್ಲಿ ಅವಳು ಬಂದವರ ಲೆಕ್ಕದಲ್ಲೂ ಇಲ್ಲ, ಬಾರದವರ ಲೆಕ್ಕದಲ್ಲೂ ಇಲ್ಲ. ನನಗೆ ಮತದಾರರ ಪಟ್ಟಿಯ ಬಗ್ಗೆ ಇರುವ ಕಾಳಜಿ ಅವತ್ತಿನಿಂದ ಶುರುವಾದದ್ದು.

ಇನ್ನು ರಾಜಕೀಯ ಒಲವಿನ ವಿಷಯ. ಹಾಸನವೆಂದರೆ ಗೌಡರ ಜಿಲ್ಲೆ ಎಂದು ಹೊರಗಿನವರು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಎಚ್.ಡಿ. ದೇವೇಗೌಡರು 1991ರಿಂದ 2014ರವರೆಗೆ ಐದು ಸಲ ಇಲ್ಲಿಂದ ಲೋಕಸಭೆಗೆ ಗೆದ್ದಿದ್ದಾರೆ ಎಂಬುದು ನಿಜ. ಆದರೆ ಪ್ರಧಾನಿಯಾಗಿ ಬಂದ ಮೇಲೆ, 1999ರಲ್ಲಿ, ಇದೇ ಹಾಸನ ಅವರನ್ನು ಸೋಲಿಸಿ ಕಾಂಗ್ರೆಸ್ಸಿನ ಜಿ. ಪುಟ್ಟಸ್ವಾಮಿಗೌಡರನ್ನು ಗೆಲ್ಲಿಸಿತು. ಅದಾಗಿ 25 ವರ್ಷಕ್ಕೆ, 2024ರಲ್ಲಿ, ಅದೇ ಪುಟ್ಟಸ್ವಾಮಿಗೌಡರ ಮೊಮ್ಮಗ ಶ್ರೇಯಸ್ ಪಟೇಲ್ ದೇವೇಗೌಡರ ಮೊಮ್ಮಗನನ್ನು ನಲವತ್ತೆರಡು ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಮತದಾನಕ್ಕೆ ಕೆಲವೇ ದಿನಗಳ ಮುಂಚೆ ಊರಿನಲ್ಲಿ ಹರಿದಾಡಿದ, ಹೆಣ್ಣುಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ್ದೆನ್ನಲಾದ ವಿಡಿಯೋಗಳಿದ್ದ ಪೆನ್‌ಡ್ರೈವ್‌ಗಳ ವಿಷಯವನ್ನು ಬಿಟ್ಟು ಆ ಫಲಿತಾಂಶವನ್ನು ಓದಲಾಗದು. ಆದರೆ ಅದರಲ್ಲಿ ನೊಂದ ಹೆಣ್ಣುಮಕ್ಕಳ ಘನತೆ ದೊಡ್ಡದು, ಹಾಗಾಗಿ ಓಟಿನ ಲೆಕ್ಕಾಚಾರದ ನಡುವೆ ಅದನ್ನು ಇದಕ್ಕಿಂತ ಹೆಚ್ಚು ಎಳೆದು ತರುವುದಿಲ್ಲ.

ಜಿಲ್ಲೆ ಒಂದು, ನಗರ ಇನ್ನೊಂದು. 2018ರ ವಿಧಾನಸಭಾ ಚುನಾವಣೆಯಲ್ಲಿ ಜಿಲ್ಲೆಯ ಏಳು ಕ್ಷೇತ್ರಗಳಲ್ಲಿ ಆರನ್ನು ಜೆಡಿಎಸ್ ಗೆದ್ದಿತು, ಬಿಟ್ಟು ಹೋದ ಒಂದು ಹಾಸನ. ಅಲ್ಲಿ ನಾಲ್ಕು ಬಾರಿ ಶಾಸಕರಾಗಿದ್ದ ಎಚ್.ಎಸ್. ಪ್ರಕಾಶ್ ಅವರನ್ನು ಬಿಜೆಪಿಯ ಪ್ರೀತಂ ಗೌಡ ಸೋಲಿಸಿದರು. ಮೇ ತಿಂಗಳಲ್ಲಿ ಕಮಲವನ್ನು ಗೆಲ್ಲಿಸಿದ ಅದೇ ನಗರ ಆಗಸ್ಟ್ ಕೊನೆಯಲ್ಲಿ ನಗರಸಭೆಗೆ ಜೆಡಿಎಸ್‌ನವರನ್ನೇ ಹೆಚ್ಚಾಗಿ ಕಳಿಸಿತು. ಐದು ವರ್ಷ ಕಳೆದ ಮೇಲೆ ಪ್ರಕಾಶರ ಮಗ ಸ್ವರೂಪ್ ಅದೇ ಪ್ರೀತಂ ಗೌಡರನ್ನು 7,854 ಮತಗಳಿಂದ ಸೋಲಿಸಿ ತಂದೆಯ ಕ್ಷೇತ್ರವನ್ನು ಮರಳಿ ಪಡೆದರು. ಇದರಲ್ಲಿ ಸಿದ್ಧಾಂತದ ಒಲವನ್ನು ಹುಡುಕುವವರು ದಣಿಯುತ್ತಾರೆ. ಕಾಂಗ್ರೆಸ್ ಸರ್ಕಾರದಲ್ಲಿ ಸಚಿವರಾಗಿದ್ದ ಎ. ಮಂಜು 2019ರಲ್ಲಿ ಬಿಜೆಪಿಯ ಲೋಕಸಭಾ ಅಭ್ಯರ್ಥಿ, 2023ರಲ್ಲಿ ಅರಕಲಗೂಡಿನ ಜೆಡಿಎಸ್ ಶಾಸಕ. ಅರಸೀಕೆರೆಯ ಶಿವಲಿಂಗೇಗೌಡರು ಜೆಡಿಎಸ್ ಬಿಟ್ಟು ಕಾಂಗ್ರೆಸ್ಸಿಗೆ ಹೋದರು, ಮತದಾರರು ಅವರ ಹಿಂದೆಯೇ ಹೋದರು. ನಮ್ಮ ಕಡೆಯವರು ಮೊದಲು ಮನುಷ್ಯನನ್ನು, ಮನೆತನವನ್ನು ನೋಡುತ್ತಾರೆ, ಚಿಹ್ನೆಯನ್ನು ಆಮೇಲೆ. ಮೇಲಕ್ಕೊಂದು, ಕೆಳಕ್ಕೊಂದು ಎಂದು ದೆಹಲಿಗೆ, ಬೆಂಗಳೂರಿಗೆ, ವಾರ್ಡಿಗೆ ಬೇರೆ ಬೇರೆ ಓಟು ಹಾಕುವುದನ್ನು ಅವರು ಚಂಚಲತೆ ಎಂದುಕೊಂಡಿಲ್ಲ, ತೂಗಿ ನೋಡುವುದು ಎಂದುಕೊಂಡಿದ್ದಾರೆ. ನನಗೂ ಹಾಗೆಯೇ ಕಾಣುತ್ತದೆ.

ಪಕ್ಕದ ಚಿಕ್ಕಮಗಳೂರಿನಲ್ಲಿಯೂ ಇದೇ ತೂಗಾಟ ಕಂಡಿತು. ರಾಯ್‌ಬರೇಲಿಯಲ್ಲಿ ಸೋತ ಇಂದಿರಾ ಗಾಂಧಿಯವರನ್ನು 1978ರ ಉಪಚುನಾವಣೆಯಲ್ಲಿ ಗೆಲ್ಲಿಸಿ ದೇಶದ ಬಾಯಲ್ಲಿ ಹೆಸರಾದ ಊರು ಅದು. ಅವರಿಗಾಗಿ ಡಿ.ಬಿ. ಚಂದ್ರೇಗೌಡರು ಸ್ಥಾನ ಬಿಟ್ಟುಕೊಟ್ಟರು, ಎದುರಾಳಿಯಾಗಿ ವೀರೇಂದ್ರ ಪಾಟೀಲರು ನಿಂತಿದ್ದರು. ಅದೇ ಊರು 2004ರಿಂದ 2018ರವರೆಗೆ ನಾಲ್ಕು ಸಲ ಬಿಜೆಪಿಯ ಸಿ.ಟಿ. ರವಿಯವರನ್ನು ಶಾಸಕರನ್ನಾಗಿ ಮಾಡಿತು. 2023ರಲ್ಲಿ ಜಿಲ್ಲೆಯ ಐದೂ ಸ್ಥಾನಗಳು ಕಾಂಗ್ರೆಸ್ಸಿಗೆ, ಮರುವರ್ಷ ಉಡುಪಿ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರ ಮತ್ತೆ ಬಿಜೆಪಿಗೆ. ಆ ಐದು ಸ್ಥಾನಗಳಲ್ಲಿ ಶೃಂಗೇರಿಯ ಅಂತರ ಎಣಿಕೆಯ ದಿನ ಘೋಷಣೆಯಾದಂತೆ 201 ಮತ, ಮೂಡಿಗೆರೆಯದು 722. ಒಂದು ಮತಗಟ್ಟೆಯಲ್ಲಿ ಸಾವಿರಕ್ಕೂ ಹೆಚ್ಚು ಮತದಾರರು ಇರಬಹುದು ಎಂಬುದನ್ನು ನೆನೆದರೆ, 201 ಎಂದರೆ ಒಂದು ಶಾಲೆಯ ಒಂದು ಕೊಠಡಿಯಲ್ಲಿ ಬಾರದೇ ಉಳಿದವರ ಸಂಖ್ಯೆ. ನಾನು ಕೂತಿದ್ದ ಕೊಠಡಿಯಲ್ಲಿಯೇ ಅದಕ್ಕಿಂತ ಹೆಚ್ಚು ಚೌಕಗಳು ಖಾಲಿ ಇದ್ದವು.

ಆದ್ದರಿಂದ ನಗರದ ಒಲವು ಎಂದು ನಾವು ಓದುವುದು ಅರ್ಧ ಓದು. ಹಾಸನದ ಬಡಾವಣೆಗಳಲ್ಲಿ ಮನೆ ಕಟ್ಟಿದ ಶಿಕ್ಷಕರು, ಬ್ಯಾಂಕಿನವರು, ಕಾಫಿ ತೋಟದ ಮಾಲೀಕರು, ಆಲೂಗೆಡ್ಡೆ ವ್ಯಾಪಾರಿಗಳು, ನಿವೃತ್ತ ನೌಕರರು, ಇಲ್ಲಿನ ರಸ್ತೆ, ಇಲ್ಲಿನ ಒಳಚರಂಡಿ, ಇಲ್ಲಿನ ಕುಡಿಯುವ ನೀರಿನ ಬಗ್ಗೆ ಬೇಸರಪಡುವವರು, ಆ ಬೇಸರವನ್ನು ಹೊತ್ತುಕೊಂಡು ಹೋಗಿ ಆಲೂರಿನಲ್ಲೋ ಹೊಳೆನರಸೀಪುರದಲ್ಲೋ ಓಟು ಹಾಕಿ ಬರುತ್ತಾರೆ. ಅಲ್ಲಿನ ಅಭ್ಯರ್ಥಿಗೆ ಹಾಸನದ ಚರಂಡಿಯ ಜೊತೆ ಸಂಬಂಧವಿಲ್ಲ. ಇಲ್ಲಿನ ಅಭ್ಯರ್ಥಿಗೆ ಇವರ ಜೊತೆ ಸಂಬಂಧವಿಲ್ಲ, ಏಕೆಂದರೆ ಇವರು ಅವನ ಪಟ್ಟಿಯಲ್ಲಿ ಇಲ್ಲ. ಮನೆ ಕಂದಾಯ ಕಟ್ಟುವವರಿಗೆ ಸದಸ್ಯನನ್ನು ಪ್ರಶ್ನಿಸುವ ಶಕ್ತಿ ಇಲ್ಲದಂತಾಗುವುದು ಹೀಗೆ.

ಹಳ್ಳಿ ಹಿರಿಯರನ್ನು ಎಳೆದುಕೊಂಡರೆ ಬೆಂಗಳೂರು ಮಕ್ಕಳನ್ನು ಎಳೆದುಕೊಳ್ಳುತ್ತದೆ. 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮೂಲಕ ಹಾಸನ ಬೆಂಗಳೂರು ರೈಲು ಮಾರ್ಗ ಪೂರ್ತಿಯಾದ ಮೇಲೆ ರಾಜಧಾನಿ ಇನ್ನಷ್ಟು ಹತ್ತಿರವಾಯಿತು. ಭಾನುವಾರ ಸಂಜೆಯ ರೈಲಿನಲ್ಲಿ ನಮ್ಮ ಬೀದಿಯ ಹುಡುಗ ಹುಡುಗಿಯರು ಬೆನ್ನಿಗೆ ಬ್ಯಾಗು ಹಾಕಿಕೊಂಡು ಹೋಗುವುದನ್ನು ವಾರವಾರ ನೋಡುತ್ತೇನೆ. ಅವರ ಓಟು ಇಲ್ಲಿದೆ, ಬದುಕು ಅಲ್ಲಿದೆ. 2023ರಲ್ಲಿ ಮತದಾನವನ್ನು ಬುಧವಾರ ಇಟ್ಟಿದ್ದರ ಹಿಂದೆ, ರಜೆಯನ್ನು ವಾರಾಂತ್ಯಕ್ಕೆ ಜೋಡಿಸಿಕೊಂಡು ನಗರದವರು ಪ್ರವಾಸ ಹೋಗದಿರಲಿ ಎಂಬ ಆಲೋಚನೆಯೂ ಇತ್ತು ಎಂದು ಚುನಾವಣಾ ಆಯೋಗ ಹೇಳಿತ್ತು. ಬೆಂಗಳೂರಿನ ನಿವಾಸಿಗೆ ಅದು ಸರಿಯಾದ ಆಲೋಚನೆ. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾ ಹಾಸನದಲ್ಲಿ ಓಟು ಇಟ್ಟುಕೊಂಡಿರುವ ಹುಡುಗಿಗೆ ವಾರದ ನಡುವಿನ ಒಂದು ದಿನದ ರಜೆಯೆಂದರೆ ರಾತ್ರಿ ಬಸ್ಸು, ಬೆಳಿಗ್ಗೆ ಓಟು, ಮಧ್ಯಾಹ್ನ ಮತ್ತೆ ಬಸ್ಸು. 2024ರ ಏಪ್ರಿಲ್ 26 ಶುಕ್ರವಾರವಾಗಿತ್ತು. ಆ ದಿನ ಹಾಸನ ಲೋಕಸಭಾ ಕ್ಷೇತ್ರದಲ್ಲಿ ಶೇ. 77ಕ್ಕೂ ಹೆಚ್ಚು ಮತದಾನವಾಯಿತು, ಮಂಡ್ಯದಲ್ಲಿ ಶೇ. 81 ದಾಟಿತು, ಬೆಂಗಳೂರು ದಕ್ಷಿಣ ಶೇ. 53ರ ಆಸುಪಾಸಿನಲ್ಲಿ ನಿಂತಿತು. ಇಷ್ಟು ದೊಡ್ಡ ಅಂತರ ನೋಡಿದಾಗ ನನಗೆ ಅನುಮಾನ ಬರುತ್ತದೆ: ಬೆಂಗಳೂರಿನಲ್ಲಿ ಬಾರದವರೆಂದು ಎಣಿಸಿದವರಲ್ಲಿ ಕೆಲವರಾದರೂ ನಮ್ಮ ಕಡೆ ಬಂದವರೆಂದು ಎಣಿಕೆಯಾಗಿರಬೇಕು.

ಈಗ ನಗರ ಹಿಗ್ಗುತ್ತಿದೆ. ಸುತ್ತಲಿನ ಹಳ್ಳಿಗಳು ಒಳಗೆ ಸೇರುತ್ತಿವೆ. ನಿನ್ನೆಯವರೆಗೆ ತಮ್ಮ ಗ್ರಾಮ ಪಂಚಾಯಿತಿಯ ಸದಸ್ಯನನ್ನು ಹೆಸರು ಹಿಡಿದು ಕರೆದು ಕೇಳುತ್ತಿದ್ದವರು ನಾಳೆ ದೊಡ್ಡ ವಾರ್ಡೊಂದರ ಮೂಲೆಯವರಾಗುತ್ತಾರೆ. ಅಲ್ಲಿನ ಮತಗಟ್ಟೆಗಳಲ್ಲಿ ಇವತ್ತು ಕಾಣುವ ಉದ್ದ ಸಾಲು ಹತ್ತು ವರ್ಷದ ಮೇಲೂ ಹಾಗೆಯೇ ಇರುತ್ತದೆಯೇ ಎಂಬುದು ನನ್ನ ದೊಡ್ಡ ಆತಂಕ. ಹೊಲ ಸೈಟಾಗುತ್ತದೆ, ಸೈಟು ಮಾರಾಟವಾಗುತ್ತದೆ, ಕೊಂಡವರ ಓಟು ಇನ್ನೆಲ್ಲೋ ಇರುತ್ತದೆ, ಮಾರಿದವರ ಮಕ್ಕಳು ಇನ್ನೆಲ್ಲಿಗೋ ಹೋಗುತ್ತಾರೆ, ಪಟ್ಟಿ ಮಾತ್ರ ಇದ್ದಲ್ಲಿಯೇ ಇರುತ್ತದೆ. ಆ ಪಟ್ಟಿಯನ್ನು ಸರಿಪಡಿಸುವ ಕೆಲಸ ಮತಗಟ್ಟೆ ಮಟ್ಟದ ಅಧಿಕಾರಿಯೆಂದು ನೇಮಕವಾದ ಒಬ್ಬ ಅಂಗನವಾಡಿ ಕಾರ್ಯಕರ್ತೆಯ ಅಥವಾ ಒಬ್ಬ ಶಿಕ್ಷಕರ ತಲೆಯ ಮೇಲೆ ಬೀಳುತ್ತದೆ. ಅವರು ತಮ್ಮ ದಿನದ ಕೆಲಸ ಮುಗಿಸಿಕೊಂಡು ಬೀಗ ಹಾಕಿದ ಗೇಟುಗಳ ಮುಂದೆ ನಿಲ್ಲಬೇಕು. ಅವರಿಗೆ ಒಂದು ಲೋಟ ನೀರು ಕೊಟ್ಟು, ಮನೆಯವರ ಹೆಸರುಗಳನ್ನು ಸರಿಯಾಗಿ ಬರೆಸುವುದಕ್ಕಿಂತ ದೊಡ್ಡ ಸಹಾಯವನ್ನು ನಾನು ಕಂಡಿಲ್ಲ.

ಪಟ್ಟಿಗೆ ಸೇರಲು ಮೊದಲು ಜನವರಿ 1ಕ್ಕೆ ಹದಿನೆಂಟು ತುಂಬಿರಬೇಕಿತ್ತು. ಈಗ ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಕೂಡ ಅರ್ಹತಾ ದಿನಾಂಕಗಳು. ಹೊಸಬರಿಗೆ ನಮೂನೆ 6, ವಿಳಾಸ ಬದಲಾದರೆ ನಮೂನೆ 8, ಅದು ಬೇರೆ ಕ್ಷೇತ್ರಕ್ಕಾದರೂ ಸರಿ; ನಮ್ಮ ಕಾಲದಂತೆ ಎರಡು ಕಡೆ ಅರ್ಜಿ ಕೊಟ್ಟು ನಡುವೆ ಹೆಸರು ಕಳೆದುಕೊಳ್ಳುವ ಭಯ ಕಡಿಮೆಯಾಗಿದೆ. ಆದರೂ ಕೊಟ್ಟ ಮೇಲೆ ಪಟ್ಟಿಯನ್ನು ನೋಡಲೇಬೇಕು, ನೋಡಿದ ಮೇಲೆ ಇನ್ನೊಮ್ಮೆ ನೋಡಬೇಕು. ಹೆಂಡತಿಯ ಹೆಸರು 2018ರ ಆ ಅನುಭವದ ನಂತರ ಸೇರಿತು, 2019ರಿಂದ ಅವಳು ನಮ್ಮ ಬಡಾವಣೆಯ ಶಾಲೆಯಲ್ಲಿಯೇ ಓಟು ಹಾಕುತ್ತಿದ್ದಾಳೆ. ಪ್ರತಿ ಸಲವೂ ಮತದಾನಕ್ಕೆ ಒಂದು ತಿಂಗಳ ಮುಂಚೆ ತನ್ನ ಕ್ರಮಸಂಖ್ಯೆಯನ್ನು ಹುಡುಕಿ ಕ್ಯಾಲೆಂಡರಿನ ಹಿಂದೆ ಬರೆದಿಡುತ್ತಾಳೆ.

ಎದುರು ಮನೆಯ ಹಿರಿಯರೊಬ್ಬರಿಗೆ ಎಂಬತ್ತರ ಹತ್ತಿರ ವಯಸ್ಸು. ಹಾಸನಕ್ಕೆ ಬಂದು ಇಪ್ಪತ್ತು ವರ್ಷಕ್ಕೂ ಹೆಚ್ಚಾಯಿತು, ಓಟು ಇನ್ನೂ ಊರಿನಲ್ಲಿದೆ. ಕಳೆದ ಚುನಾವಣೆಯಲ್ಲಿ ಮೊಣಕಾಲು ನೋವಿನಿಂದ ಊರಿಗೆ ಹೋಗಲಾಗಲಿಲ್ಲ. ಕಿಟಕಿಯ ಬಳಿ ಕುಳಿತು ನಮ್ಮ ಬೀದಿಯವರು ಶಾಯಿ ಹಚ್ಚಿಸಿಕೊಂಡು ಬರುವುದನ್ನು ನೋಡುತ್ತಿದ್ದರು. ಹೋದ ತಿಂಗಳು ಅವರ ಮನೆಗೆ ನಮೂನೆ 8 ತೆಗೆದುಕೊಂಡು ಹೋದೆ. ಹೆಸರು, ವಿಳಾಸ, ಗುರುತಿನ ಚೀಟಿಯ ಸಂಖ್ಯೆ ಎಲ್ಲವನ್ನೂ ಅವರೇ ಹೇಳಿ ನನ್ನ ಕೈಯಲ್ಲಿ ಬರೆಸಿದರು. ಸಹಿಯ ಜಾಗ ಬಂದಾಗ ಪೆನ್ನು ಕೆಳಗಿಟ್ಟು, "ಮೇಷ್ಟ್ರೇ, ಇದಕ್ಕೆ ರುಜು ಹಾಕಿದರೆ ನಮ್ಮೂರಲ್ಲಿ ನಾನು ಇಲ್ಲ ಅಂತ ಆಗಿಬಿಡುತ್ತಲ್ಲ" ಎಂದರು. ನಾನು ಒತ್ತಾಯ ಮಾಡಲಿಲ್ಲ. ಅರ್ಜಿಯನ್ನು ಅವರು ಟಿವಿಯ ಮೇಲಿನ ಗೂಡಿನಲ್ಲಿ, ತೀರಿಕೊಂಡ ಹೆಂಡತಿಯ ಫೋಟೋದ ಪಕ್ಕದಲ್ಲಿ ಮಡಿಚಿಟ್ಟಿದ್ದಾರೆ. ಭಾನುವಾರ ಮತ್ತೆ ಹೋಗಿ ಕೇಳುತ್ತೇನೆ.